ಧಾನ್ಯದ ಪಕ್ಕದಲ್ಲಿ ಕುಳಿತವನು

ಪರರ ದುಡಿಮೆಯನ್ನು ಉಂಡು ತಾನು ಏನನ್ನೂ ಕೊಡದವನಿಗೆ ಇಂಗ್ಲಿಷ್ ಭಾಷೆಯಲ್ಲಿ ಹಲವು ಹೆಸರುಗಳಿವೆ. ನೀರು ಹೀರುವ ಸ್ಪಂಜಿನಿಂದ ಬಂದ ಹೆಸರೊಂದು, ರಕ್ತ ಹೀರುವ ಜಿಗಣೆಯಿಂದ ಬಂದುದು ಇನ್ನೊಂದು. ಇವೆಲ್ಲವುಗಳಿಗಿಂತ ತೀಕ್ಷ್ಣವಾದುದು 'ಪ್ಯಾರಸೈಟ್' ಎಂಬ ಶಬ್ದ. ನಿಘಂಟುಗಳು ಇದಕ್ಕೆ ಪರೋಪಜೀವಿ, ಪರಾವಲಂಬಿ ಎಂಬ ಅರ್ಥಗಳನ್ನು ಕೊಡುತ್ತವೆ. ಶಾಲೆಯ ಮಕ್ಕಳು ಇದನ್ನು ಜೀವಶಾಸ್ತ್ರದ ಪಾಠದಲ್ಲಿ ಮೊದಲು ಕಾಣುವುದರಿಂದ, ಇದು ಮೂಲತಃ ಹುಳುವಿನ ಹೆಸರೆಂದೂ ಆಮೇಲೆ ಮನುಷ್ಯನಿಗೆ ಬೈಗುಳವಾಗಿ ಅಂಟಿತೆಂದೂ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧವಾದುದು. ಎರಡು ಸಾವಿರ ವರ್ಷಗಳ ಕಾಲ ಈ ಶಬ್ದ ಮನುಷ್ಯನದೇ ಆಗಿತ್ತು. ಗಿಡಕ್ಕೂ ಹುಳುವಿಗೂ ಅದು ದೊರೆತದ್ದು ಈಚಿನ ಶತಮಾನಗಳಲ್ಲಿ. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಅತ್ಯಂತ ಪ್ರಾಚೀನ ಬಳಕೆಯಲ್ಲಿ ಅದು ಬೈಗುಳವೇ ಆಗಿರಲಿಲ್ಲ. ದೇವಾಲಯದ ಒಂದು ಗೌರವದ ಸ್ಥಾನಕ್ಕೆ ಅದು ಹೆಸರಾಗಿತ್ತು.

ಶಬ್ದವು ಗ್ರೀಕರದು. 'ಪರಾ' ಎಂದರೆ ಪಕ್ಕದಲ್ಲಿ, 'ಸಿತೊಸ್' ಎಂದರೆ ಧಾನ್ಯ, ಅದರಿಂದಾದ ರೊಟ್ಟಿ, ಒಟ್ಟಿನಲ್ಲಿ ಅನ್ನ. ಪರೋಪಜೀವಿ ಎಂಬಲ್ಲಿನ 'ಪರ'ವನ್ನು ನೋಡಿ ಎರಡೂ ಒಂದೇ ಅರ್ಥವೆಂದು ಭ್ರಮಿಸಬಾರದು. ಸಂಸ್ಕೃತದ ಪರ ಎಂದರೆ ಅನ್ಯ, ಗ್ರೀಕರ ಪರಾ ಎಂದರೆ ಬದಿ. ಅಂದರೆ 'ಪರಾಸಿತೊಸ್' ಎಂಬುದಕ್ಕೆ ಅನ್ನದ ಪಕ್ಕದಲ್ಲಿ ಕುಳಿತವನು, ಜತೆಯಲ್ಲಿ ಉಣ್ಣುವವನು ಎಂದಷ್ಟೇ ಅಕ್ಷರಾರ್ಥ. ಇದರಲ್ಲಿ ದೋಷಾರೋಪವೇನೂ ಇಲ್ಲ. ಇಂಗ್ಲಿಷಿನ 'ಕಂಪ್ಯಾನಿಯನ್' ಎಂಬ ಶಬ್ದವೂ ಲ್ಯಾಟಿನ್ನಿನಲ್ಲಿ ಹೀಗೆಯೇ ಹುಟ್ಟಿತು: ಜತೆಗೆ ರೊಟ್ಟಿ ತಿನ್ನುವವನು. ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ರೊಟ್ಟಿಯನ್ನು ಮುರಿದ ಇಬ್ಬರಲ್ಲಿ ಒಬ್ಬನು ಸ್ನೇಹಿತನಾದನು, ಇನ್ನೊಬ್ಬನು ಹೀನನಾದನು.

ಸಿತೊಸ್ ಶಬ್ದಕ್ಕೆ ಅಥೆನ್ಸ್ ನಗರದಲ್ಲಿ ಬಹಳ ಗೌರವವಿತ್ತು. ಅಲ್ಲಿನ ಜನ ಹಡಗುಗಳಲ್ಲಿ ಬರುವ ಧಾನ್ಯವನ್ನೇ ಬಹುವಾಗಿ ನೆಚ್ಚಿದ್ದರು. ಆದಕಾರಣ 'ಸಿತೊಫಿಲಾಕೆಸ್', ಅಂದರೆ ಧಾನ್ಯಪಾಲರು, ಎಂಬ ಅಧಿಕಾರಿಗಳಿದ್ದರು. ಮೊದಲು ನಗರಕ್ಕೆ ಐವರು, ಬಂದರಿಗೆ ಐವರು ಇದ್ದು, ಅನಂತರ ಅವರ ಸಂಖ್ಯೆ ನಗರದಲ್ಲಿ ೨೦ಕ್ಕೂ ಬಂದರಿನಲ್ಲಿ ೧೫ಕ್ಕೂ ಏರಿತೆಂದು ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ಆಡಳಿತಗ್ರಂಥದಿಂದ ತಿಳಿದುಬರುತ್ತದೆ. ಬೀಸದ ಧಾನ್ಯ ನ್ಯಾಯವಾದ ಬೆಲೆಗೆ ಮಾರಾಟವಾಗುವಂತೆ, ಬಾರ್ಲಿಯ ಬೆಲೆಗೆ ತಕ್ಕಂತೆ ಹಿಟ್ಟಿನ ಬೆಲೆ ಇರುವಂತೆ, ಗೋಧಿಯ ಬೆಲೆಗೆ ತಕ್ಕಂತೆ ರೊಟ್ಟಿಯ ಬೆಲೆಯಿದ್ದು ಗೊತ್ತಾದ ತೂಕವಿರುವಂತೆ ನೋಡಿಕೊಳ್ಳುವುದು ಅವರ ಕೆಲಸ. ವ್ಯಾಪಾರಿಯು ತಕ್ಕಡಿಯನ್ನು ಸರಿಯಾಗಿ ಹಿಡಿದಿದ್ದಾನೆಯೇ ಎಂದು ನೋಡಲು ಆಳುವವರು ಎಂದೂ ಮರೆತಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ!

ಇನ್ನು ಪರಾಸಿತೊಸನ ವಿಚಾರ. ಕ್ರಿಸ್ತಶಕ ೨೦೦ರ ಸುಮಾರಿಗೆ ಈಜಿಪ್ಟಿನ ನೌಕ್ರಾಟಿಸ್ ಊರಿನವನಾದ ಅಥೀನಿಯಸ್ ಎಂಬವನು, ಊಟಕ್ಕೆ ಕುಳಿತ ಪಂಡಿತರ ಸಂಭಾಷಣೆಯ ರೂಪದಲ್ಲಿ ಒಂದು ಬೃಹದ್ಗ್ರಂಥವನ್ನು ರಚಿಸಿದನು. ಅದರ ಆರನೆಯ ಭಾಗದಲ್ಲಿ ಈ ಶಬ್ದದ ಚರ್ಚೆಯಿದೆ. ಇಂದು ಅಪಕೀರ್ತಿಗೆ ಒಳಗಾದ ಈ ಹೆಸರು ಪ್ರಾಚೀನರಲ್ಲಿ ಪವಿತ್ರವಾಗಿತ್ತೆಂದು, ತನಗಿಂತಲೂ ಹಿಂದಿನ ಪೊಲೆಮನ್ ಎಂಬ ವಿದ್ವಾಂಸನ ಆಧಾರದಿಂದ ಅವನು ತೋರಿಸುತ್ತಾನೆ. ಶಾಸನಗಳನ್ನು ಓದುತ್ತ ತಿರುಗುವುದೇ ಪೊಲೆಮನನ ಹವ್ಯಾಸವಾಗಿತ್ತು. ಅಥೆನ್ಸಿನ ಕೈನೊಸಾರ್ಜೆಸ್ ಎಂಬಲ್ಲಿ ಹೆರಾಕ್ಲೀಸ್ ದೇವನ ಸ್ಥಾನದಲ್ಲಿ ಅವನು ಕಂಡ ಶಾಸನವೊಂದರ ಪ್ರಕಾರ, ಪೂಜಾರಿಯು ಪ್ರತಿ ತಿಂಗಳ ಪೂಜೆಯನ್ನು ಪರಾಸಿತೊಸರ ಜತೆಗೂಡಿ ಮಾಡಬೇಕು. ತಂದೆತಾಯಿಗಳಲ್ಲಿ ಒಬ್ಬರು ಮಾತ್ರ ನಗರದ ಪೌರರಾಗಿದ್ದವರ ಮಕ್ಕಳಿಂದ ಅವರನ್ನು ಆರಿಸಬೇಕು. ಆರಿಸಲ್ಪಟ್ಟವನು ಬರಲೊಲ್ಲೆನೆಂದರೆ ಅವನನ್ನು ನ್ಯಾಯಾಲಯಕ್ಕೆ ಎಳೆಯಬೇಕು. ಅಪೊಲೊ ದೇವನ ಸೇವೆಗೆ ಇದ್ದ ಪರಾಸಿತೊಸರಿಗಾದರೋ ದೇವರ ಬಾರ್ಲಿಯನ್ನು ತೆಗೆದಿರಿಸುವ ಹೊಣೆಯೂ ಇತ್ತು. ದೇವರ ಪಾಲಿನ ಧಾನ್ಯವನ್ನು ಕಾಯುವುದು, ದೇವರ ಪಕ್ಕದಲ್ಲಿ ಕುಳಿತು ಉಣ್ಣುವುದು, ಇವೆರಡೂ ಸೇರಿ ಒಂದು ಕರ್ತವ್ಯವಾಗಿದ್ದವು.

ಇದೇ ಶಬ್ದ ಸೋಲನನ ಶಾಸನದಲ್ಲಿಯೂ ಬರುತ್ತದೆಯೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಕ್ರಿಸ್ತಪೂರ್ವ ೫೯೪ರಲ್ಲಿ ಅಥೆನ್ಸಿನ ಅಧಿಕಾರ ವಹಿಸಿ ಸಾಲಗಾರರನ್ನು ದಾಸ್ಯದಿಂದ ಬಿಡಿಸಿದ ಆ ಮಹಾನುಭಾವನು ನಗರದ ಸಾರ್ವಜನಿಕ ಭೋಜನಕ್ಕೆ ಒಂದು ಕಟ್ಟಳೆ ಮಾಡಿದನು. ಒಬ್ಬನೇ ಮನುಷ್ಯ ಪದೇಪದೇ ಅಲ್ಲಿ ಉಣ್ಣಕೂಡದು. ಆದರೆ ಸರದಿ ಬಂದಾಗ ಉಣ್ಣಲು ಬಾರದವನಿಗೂ ದಂಡ. ಮೊದಲನೆಯವನಲ್ಲಿ ಸೋಲನನಿಗೆ ಕಂಡದ್ದು ಲೋಭ. ಎರಡನೆಯವನಲ್ಲಿ ಕಂಡದ್ದು ಸಮಾಜದ ಬಗ್ಗೆ ತಿರಸ್ಕಾರ. ಹೆಚ್ಚು ತೆಗೆದುಕೊಳ್ಳುವವನನ್ನು ಹಳಿಯುವ ಕಾನೂನುಗಳು ಲೋಕದಲ್ಲಿ ಹೇರಳವಾಗಿವೆ. ಇತರರ ಜತೆ ಕುಳಿತು ತೆಗೆದುಕೊಳ್ಳಲಾರೆನೆಂಬ ಹಮ್ಮನ್ನು ಅಪರಾಧವೆಂದು ಎಣಿಸಿದ ಕಾನೂನು ಬಹು ವಿರಳ. ಕೊಡುವುದರಲ್ಲಿ ಹೆಮ್ಮೆಪಟ್ಟು, ಪರರಿಂದ ಒಂದು ಲೋಟ ನೀರನ್ನೂ ಪಡೆಯಲೊಲ್ಲದ ಶ್ರೀಮಂತರನ್ನು ಕಂಡವರಿಗೆ ಸೋಲನನ ಮಾತಿನ ಆಳ ಅರಿವಾಗದಿರದು.

ಕ್ರಿಸ್ತಪೂರ್ವ ೩೯೯ರಲ್ಲಿ ಸಾಕ್ರಟೀಸನ ವಿಚಾರಣೆ ನಡೆಯಿತು. ಅಪರಾಧಿಯೆಂದು ತೀರ್ಮಾನವಾದ ಮೇಲೆ, ಅಲ್ಲಿನ ಪದ್ಧತಿಯಂತೆ, ತನಗೆ ಯಾವ ಶಿಕ್ಷೆ ತಕ್ಕುದೆಂದು ಅವನೇ ಸೂಚಿಸಬೇಕಿತ್ತು. ನಗರದ ಸಾರ್ವಜನಿಕ ಭೋಜನಶಾಲೆಯಲ್ಲಿ ತನಗೆ ಊಟ ಹಾಕಬೇಕೆಂದು ಅವನು ಕೇಳಿದನು! ಒಲಿಂಪಿಯಾದ ಪಂದ್ಯಗಳಲ್ಲಿ ಗೆದ್ದವರಿಗೆ ಸಲ್ಲುತ್ತಿದ್ದ ಮರ್ಯಾದೆ ಅದು. ಗೆದ್ದ ಕುದುರೆಯ ಒಡೆಯನಿಗೆ ಊಟದ ಕೊರತೆಯಿಲ್ಲ, ತನಗಿದೆ ಎಂಬುದು ಅವನ ವಾದ. ಪ್ರತಿಫಲ ಪಡೆಯದೆ ಬೀದಿಯಲ್ಲಿ ನಿಂತು ಜನರನ್ನು ಪ್ರಶ್ನಿಸುತ್ತಿದ್ದವನು ನಗರಕ್ಕೆ ಏನನ್ನಾದರೂ ಕೊಟ್ಟನೇ ಇಲ್ಲವೇ? ನ್ಯಾಯದರ್ಶಿಗಳ ಕಿರ್ದಿಯಲ್ಲಿ ಅದಕ್ಕೆ ಜಮಾ ಬೀಳಲಿಲ್ಲ. ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ.

ಶಬ್ದದ ಅಧಃಪತನಕ್ಕೆ ಕಾರಣವಾದದ್ದು ನಾಟಕಶಾಲೆ. ಶ್ರೀಮಂತನ ಮನೆಯಲ್ಲಿ ಉಂಡು ಅವನನ್ನು ಹೊಗಳುವ ಪಾತ್ರಕ್ಕೆ ಗ್ರೀಕರು ಮೊದಲು 'ಕೊಲಾಕ್ಸ್', ಅಂದರೆ ಮುಖಸ್ತುತಿಗಾರ, ಎನ್ನುತ್ತಿದ್ದರು. ಕ್ರಿಸ್ತಪೂರ್ವ ೪೨೧ರ ಸ್ಪರ್ಧೆಯಲ್ಲಿ ಅರಿಸ್ಟೊಫನೀಸನ ನಾಟಕವನ್ನು ಹಿಂದಿಕ್ಕಿ ಪ್ರಥಮ ಬಹುಮಾನ ಗಳಿಸಿದ ಯುಪೊಲಿಸನ ನಾಟಕಕ್ಕೆ ಅದೇ ಹೆಸರು. ಮುಂದಿನ ಶತಮಾನದಲ್ಲಿ ಹಾಸ್ಯಕವಿಗಳು ದೇವಾಲಯದ ಗೌರವದ ಹೆಸರನ್ನೇ ತಂದು ಈ ಪಾತ್ರದ ತಲೆಗೆ ಕಟ್ಟಿದರು. ಕರೆಯದೆ ಊಟಕ್ಕೆ ಬರುವವನನ್ನು 'ದೇವರ ಪಂಕ್ತಿಯವರು ಬಂದರು' ಎಂದು ಗೇಲಿ ಮಾಡಿದಂತೆ. ಗೇಲಿಯ ಮಾತು ಉಳಿಯಿತು, ಪಂಕ್ತಿಯ ನೆನಪು ಅಳಿಯಿತು.

ಅಲ್ಲಿಂದ ಆ ಪಾತ್ರ ರೋಮಿಗೆ ಹೋಯಿತು. ಕ್ರಿಸ್ತಪೂರ್ವ ೧೮೪ರಲ್ಲಿ ತೀರಿಕೊಂಡ ಪ್ಲಾಟಸನ ನಾಟಕಗಳಲ್ಲಿ ಇಂಥವರ ಸಾಲೇ ಇದೆ. ಒಬ್ಬನ ಹೆಸರು ಪೆನಿಕ್ಯುಲಸ್, ಅಂದರೆ ಕುಂಚ. ಊಟದ ಮೇಜನ್ನು ಗುಡಿಸಿದಂತೆ ಖಾಲಿ ಮಾಡುತ್ತಾನೆಂದು ಆ ಹೆಸರು. ಇನ್ನೊಬ್ಬನ ಹೆಸರು ಕುರ್ಕ್ಯುಲಿಯೊ, ಅಂದರೆ ಕಣಜದ ಧಾನ್ಯವನ್ನು ಕೊರೆಯುವ ಮೂತಿಯ ಹುಳು. ಧಾನ್ಯದ ಅಂಗಡಿ ನಡೆಸುವವರು ಇದನ್ನು ಓದಿ ನಕ್ಕಾರು. ಮೂಟೆಯಲ್ಲಿ ಸೇರಿಕೊಂಡು ಅಕ್ಕಿ ಗೋಧಿಗಳನ್ನು ಪೊಳ್ಳು ಮಾಡುವ ಈ ಹುಳುಗಳ ಇಡೀ ವಂಶಕ್ಕೆ ಪ್ರಾಣಿಶಾಸ್ತ್ರಜ್ಞರು ಈ ಲ್ಯಾಟಿನ್ ಹೆಸರಿನಿಂದಲೇ ನಾಮಕರಣ ಮಾಡಿದ್ದಾರೆ. ಅಕ್ಕಿಯ ಹುಳುವಿನ ಕುಲಕ್ಕೆ 'ಸೈಟೊಫಿಲಸ್' ಎಂದು ಹೆಸರು. ಅದರಲ್ಲಿಯೂ ಸಿತೊಸ್ ಇದೆ. ಧಾನ್ಯಪ್ರಿಯ ಎಂದು ಅರ್ಥ. ಧಾನ್ಯಪಾಲ, ಧಾನ್ಯದ ಪಕ್ಕದವನು, ಧಾನ್ಯಪ್ರಿಯ ಹುಳು, ಮೂರೂ ಒಂದೇ ಶಬ್ದದ ಮಕ್ಕಳು.

ಆದರೆ ಪ್ಲಾಟಸನ ಈ ಪಾತ್ರಗಳು ಏನನ್ನೂ ಕೊಡದೆ ತಿನ್ನುವವರೇ? ಜೆಲಾಸಿಮಸ್ ಎಂಬವನು ಹಸಿವು ತಾಳಲಾರದೆ ತನ್ನ ನಗೆಮಾತುಗಳನ್ನೇ ಹರಾಜಿಗೆ ಇಡುತ್ತಾನೆ. ಟೆರೆನ್ಸನ ನಾಟಕವೊಂದರಲ್ಲಿ, ಅದರ ಪ್ರಥಮ ಪ್ರದರ್ಶನ ಕ್ರಿಸ್ತಪೂರ್ವ ೧೬೧ರಲ್ಲಿ ನಡೆಯಿತು, ಫಾರ್ಮಿಯೊ ಎಂಬ ಪ್ಯಾರಸೈಟನೇ ಯುಕ್ತಿಯಿಂದ ಯುವಕರ ಸಂಕಟವನ್ನು ಪರಿಹರಿಸುತ್ತಾನೆ. ಇವರು ಮಾರುತ್ತಿದ್ದುದು ನಗು, ಸಹವಾಸ, ಓಡಾಟದ ಕೆಲಸ ಮತ್ತು ಹೊಗಳಿಕೆ. ಎರಡನೆಯ ಶತಮಾನದ ಲೂಸಿಯನ್ ಪ್ಯಾರಸೈಟನ ಬದುಕು ಒಂದು ಕಲೆಯೆಂದು ವಾದಿಸುವ ಒಂದು ವಿನೋದದ ಸಂವಾದವನ್ನೇ ಬರೆದನು. ಎಷ್ಟು ಸಿರಿವಂತನಾದರೂ ಒಬ್ಬನೇ ಉಣ್ಣುವವನು ಬಡವನೇ ಎಂಬ ಮಾತು ಅಲ್ಲಿ ಬರುತ್ತದೆ. ವಿನೋದವೇ ಇರಬಹುದು, ಆದರೆ ಹೊಗಳಿಕೆಗೆ ಗಿರಾಕಿ ಇಲ್ಲದಿದ್ದರೆ ಹೊಗಳುವವನ ವ್ಯಾಪಾರ ನಡೆಯುತ್ತಿತ್ತೇ? ಕೊಂಡವನನ್ನು ಬಿಟ್ಟು ಮಾರಿದವನನ್ನು ಮಾತ್ರ ಲೋಕ ಹಳಿಯಿತು. ಹೊಗಳಿಕೆಯನ್ನು ಕೊಂಡ ಶ್ರೀಮಂತನಿಗೆ ಯಾವ ಭಾಷೆಯಲ್ಲಿಯೂ ಇಂತಹ ಒಂದು ಕಟು ಶಬ್ದ ಹುಟ್ಟಿದಂತೆ ಕಾಣದು.

ಲ್ಯಾಟಿನ್, ಫ್ರೆಂಚ್ ದಾರಿಯಿಂದ ೧೬ನೆಯ ಶತಮಾನದಲ್ಲಿ ಶಬ್ದವು ಇಂಗ್ಲಿಷಿಗೆ ಬಂದಿತು. ಷೇಕ್ಸ್‌ಪಿಯರನ ಟೈಮನ್, ತನ್ನ ಸಿರಿಯೆಲ್ಲ ಕರಗಿದ ಮೇಲೆ ಹಳೆಯ ಅತಿಥಿಗಳನ್ನು ಕರೆದು, ಮುಚ್ಚಿದ ತಟ್ಟೆಗಳಲ್ಲಿ ಬರಿಯ ಬೆಚ್ಚಗಿನ ನೀರನ್ನು ಬಡಿಸಿ, ಇದೇ ಹೆಸರಿನಿಂದ ಅವರನ್ನು ಶಪಿಸುತ್ತಾನೆ. ಬೆನ್ ಜಾನ್ಸನ್ ತನ್ನ ವಾಲ್ಪೋನಿ ನಾಟಕದಲ್ಲಿ ಇಂತಹ ಪಾತ್ರಕ್ಕೆ ಮೊಸ್ಕಾ, ಅಂದರೆ ನೊಣ, ಎಂದೇ ಹೆಸರಿಟ್ಟನು.

ಮುಂದಿನ ಕಾಲದಲ್ಲಿ ಸಸ್ಯಶಾಸ್ತ್ರಜ್ಞರು ಮರದ ಮೇಲೆ ಮರವಾಗಿ ಬೆಳೆಯುವ ಗಿಡಗಳಿಗೆ ಈ ಹೆಸರನ್ನು ಎರವಲು ಪಡೆದರು. ಕನ್ನಡದಲ್ಲಿ ಬದನಿಕೆ, ಬಂದಳಿಕೆ ಎಂದು ಕರೆಯುವ ಗಿಡ ಈ ಜಾತಿಯದು. ಮನುಷ್ಯನ ನಡತೆಗೆ ಇಟ್ಟ ಹೆಸರನ್ನು ಗಿಡಕ್ಕೆ ಅಂಟಿಸುವಾಗ ಹೆಸರಿನ ಜತೆಗೆ ತಿರಸ್ಕಾರವೂ ಹೋಯಿತು. ಆದರೆ ಪ್ರಕೃತಿಯ ಖಾತೆ ಅಷ್ಟು ಸರಳವಾಗಿಲ್ಲ. ಮಾವಿನ ಕೊಂಬೆಯ ಮೇಲಿನ ಬದನಿಕೆ ನೀರನ್ನೂ ಲವಣಗಳನ್ನೂ ಮಾವಿನಿಂದ ಹೀರಿದರೂ, ಹಸಿರೆಲೆಗಳಿರುವುದರಿಂದ ಬಿಸಿಲಿನಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸುತ್ತದೆ. ಇನ್ನು ಶ್ರೀಗಂಧ! ಮೈಸೂರು ಸೀಮೆಯ ಹೆಮ್ಮೆಯಾದ, ದೇವರ ಮುಂದೆ ತೇಯುವ, ತ್ಯಾಗಕ್ಕೆ ಉಪಮಾನವಾಗಿ ಎಲ್ಲರೂ ಬಳಸುವ ಶ್ರೀಗಂಧದ ಮರವೂ ಅರ್ಧ ಪರಾವಲಂಬಿಯೇ. ಅದರ ಬೇರು ನೆರೆಯ ಗಿಡಗಳ ಬೇರನ್ನು ಹಿಡಿದು ಅವುಗಳಿಂದ ನೀರನ್ನೂ ಸತ್ತ್ವವನ್ನೂ ಪಡೆಯುತ್ತದೆ. ಗಂಧದ ಸಸಿ ಬೆಳೆಸುವವರು ಅದೇ ಚೀಲದಲ್ಲಿ ತೊಗರಿಯ ಬೀಜವನ್ನು ಊರುವುದು ಇದೇ ಕಾರಣಕ್ಕೆ. ಬದನಿಕೆಯನ್ನು ಕಂಡರೆ ಕತ್ತರಿಸುವ ಕೈಯೇ ಗಂಧಕ್ಕೆ ಆಸರೆ ಗಿಡವನ್ನು ನೆಡುತ್ತದೆ.

ವಿಜ್ಞಾನಿಗಳು ಕ್ರಮೇಣ ಇದನ್ನು ಮನಗಂಡರು. ಬೆಲ್ಜಿಯಮ್ಮಿನ ವಾನ್ ಬೆನೆಡೆನ್ ೧೮೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆತಿಥೇಯನ ದೇಹವನ್ನು ತಿನ್ನುವ ಜೀವಿ ಬೇರೆ, ಅದರ ಪಂಕ್ತಿಯಲ್ಲಿ ಕುಳಿತು ಹಾನಿಯಿಲ್ಲದೆ ಉಣ್ಣುವ ಜೀವಿ ಬೇರೆ, ಪರಸ್ಪರ ಉಪಕಾರ ಮಾಡಿಕೊಳ್ಳುವ ಜೀವಿಗಳು ಬೇರೆ ಎಂದು ವಿಂಗಡಿಸಿದನು. ಎರಡನೆಯದಕ್ಕೆ ಅವನು ಕೊಟ್ಟ ಹೆಸರಿಗೆ 'ಒಂದೇ ಮೇಜಿನವರು' ಎಂದು ಅರ್ಥ. ಗ್ರೀಕರು ಕಳೆದುಕೊಂಡ ಹಳೆಯ ಪಂಕ್ತಿ ಹೀಗೆ ಬೇರೊಂದು ಹೆಸರಿನಿಂದ ಮರಳಿ ಬಂದಂತಾಯಿತು.

ಪ್ರಾಕೃತ ಆಗಮವಾದ ದಶವೈಕಾಲಿಕದ ಮೊದಲ ಅಧ್ಯಯನದಲ್ಲಿ ಆಹಾರಕ್ಕೆ ಹೊರಟ ಮುನಿಗೆ ದುಂಬಿಯ ಹೋಲಿಕೆಯಿರುವುದನ್ನು ಈ ಪ್ರಸಂಗದಲ್ಲಿ ನೆನೆಯಬಹುದು. ದುಂಬಿ ಹಲವು ಹೂಗಳಿಂದ ಕಿಂಚಿತ್ ಕಿಂಚಿತ್ತಾಗಿ ರಸವನ್ನು ತೆಗೆದುಕೊಳ್ಳುತ್ತದೆ, ಹೂವನ್ನು ಬಾಡಿಸುವುದಿಲ್ಲ. ಭ್ರಾಮರೀ ವೃತ್ತಿಯೆಂಬ ಮಾತು ಶ್ರಾವಕರಿಗೆಲ್ಲ ಪರಿಚಿತವೇ. ಅಲ್ಲಿ ಒತ್ತು ಇರುವುದು ನೋಯಿಸದಿರುವುದರ ಮೇಲೆ. ೧೭೯೩ರಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಎಂಬ ಅಧ್ಯಾಪಕನು, ಕೀಟಗಳು ಹೂವಿನಿಂದ ಹೂವಿಗೆ ಪರಾಗವನ್ನು ಒಯ್ದು ಫಲಕ್ಕೆ ಕಾರಣವಾಗುತ್ತವೆಂಬುದನ್ನು ವಿಸ್ತಾರವಾಗಿ ನಿರೂಪಿಸಿದನು. ಬರಿಯ ಪಡೆಯುವಿಕೆಯೆಂದು ಕಾಣುತ್ತಿದ್ದುದರ ಒಳಗೆ ಒಂದು ಕೊಡುವಿಕೆಯಿತ್ತು. ದುಂಬಿಗೂ ಅದು ತಿಳಿದಿರಲಿಲ್ಲ.

ಲೆಕ್ಕದಲ್ಲಿ ಬಾರದ ಜಮೆಗಳ ವಿಚಾರವನ್ನು ಅರ್ಥಶಾಸ್ತ್ರಜ್ಞ ಪಿಗೂ ೧೯೨೦ರ ತನ್ನ ಗ್ರಂಥದಲ್ಲಿ ಒಂದು ಉದಾಹರಣೆಯಿಂದ ಎತ್ತಿ ತೋರಿಸಿದನು. ಮನೆಗೆಲಸಕ್ಕೆ ಸಂಬಳ ಪಡೆಯುತ್ತಿದ್ದ ಹೆಂಗಸನ್ನು ಯಜಮಾನನು ಮದುವೆಯಾದರೆ ದೇಶದ ಆದಾಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಒಲೆ ಅದೇ, ಅಡುಗೆ ಅದೇ, ಕೈಯೂ ಅದೇ. ಭಾರತದ ೨೦೧೧ರ ಜನಗಣತಿಯಲ್ಲಿಯೂ ಮನೆಯ ಕೆಲಸ ಮಾತ್ರ ಮಾಡುವವರನ್ನು 'ಕೆಲಸಗಾರರಲ್ಲದವರು' ಎಂಬ ವರ್ಗಕ್ಕೆ ಸೇರಿಸಲಾಗಿದೆ. ವಿದ್ಯಾರ್ಥಿಗಳು, ಪಿಂಚಣಿದಾರರು, ಭಿಕ್ಷುಕರು ಅದೇ ವರ್ಗದಲ್ಲಿದ್ದಾರೆ. ಎಣಿಸುವವರ ಅನುಕೂಲಕ್ಕೆ ಮಾಡಿದ ವರ್ಗವೇ ಸರಿ. ಆದರೆ ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಎಲ್ಲರ ಊಟವಾದ ಮೇಲೆ ತಾನು ಉಣ್ಣುವ ತಾಯಿಯನ್ನು ಕೆಲಸಗಾರಳಲ್ಲವೆಂದು ಬರೆದುಕೊಳ್ಳುವಾಗ ಗಣತಿದಾರನ ಕೈ ಒಂದು ಕ್ಷಣವಾದರೂ ತಡೆಯಬೇಡವೇ?

ಹುಳುವಿಗೆ ಹೋದ ಶಬ್ದ ಮನುಷ್ಯನಿಗೆ ಮರಳಿದಾಗ ಅದರ ವಿಷ ನೂರ್ಮಡಿಯಾಗಿತ್ತು. ನಾಟಕದ ಪ್ಯಾರಸೈಟನನ್ನು ಜನ ಕಂಡು ನಗುತ್ತಿದ್ದರು, ಹೆಚ್ಚೆಂದರೆ ಬಾಗಿಲಿನಿಂದ ಹೊರಗೆ ತಳ್ಳುತ್ತಿದ್ದರು, ಹುಳುವನ್ನಾದರೋ ಕೊಲ್ಲುತ್ತಾರೆ. ಜರ್ಮನಿಯ ನಾಜಿಗಳು ಯಹೂದಿಯರನ್ನು ಎಡೆಬಿಡದೆ ಈ ಹೆಸರಿನಿಂದ ಕರೆದರು. ಅವರಲ್ಲಿ ವೈದ್ಯರಿದ್ದರು, ದರ್ಜಿಗಳಿದ್ದರು, ನೊಬೆಲ್ ಬಹುಮಾನ ಪಡೆದ ವಿಜ್ಞಾನಿಗಳಿದ್ದರು. ಕೊಟ್ಟದ್ದೆಷ್ಟು ಎಂಬ ಲೆಕ್ಕವನ್ನು ಯಾರೂ ತೆಗೆಯಲಿಲ್ಲ. ಸುಮಾರು ೬೦ ಲಕ್ಷ ಜನರ ಹತ್ಯೆಗೆ ಮುನ್ನ ಆ ಜನರನ್ನು ಮಾತಿನಲ್ಲಿ ಹುಳುಗಳನ್ನಾಗಿ ಮಾಡಲಾಗಿತ್ತು. ವಚನದಿಂದಾಗುವ ಹಿಂಸೆ ಕೈಯಿಂದಾಗುವ ಹಿಂಸೆಗೆ ದಾರಿ ಮಾಡಿಕೊಡುವುದೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನ ಬೇಕಿಲ್ಲ.

ಸೋವಿಯತ್ ಒಕ್ಕೂಟದಲ್ಲಿ ಇದೇ ಭಾವವು ಕಾನೂನಿನ ರೂಪ ತಾಳಿತು. ರಷ್ಯನ್ ಭಾಷೆಯಲ್ಲಿ ದುಡಿಯದೆ ತಿನ್ನುವವನಿಗೆ 'ತುನೆಯಾದೆತ್ಸ್' ಎನ್ನುತ್ತಾರೆ; ವ್ಯರ್ಥವಾಗಿ ತಿನ್ನುವವನು ಎಂದು ಅದರ ಅಕ್ಷರಾರ್ಥ. ಕನ್ನಡದ 'ದಂಡಪಿಂಡ'ಕ್ಕೆ ಇದಕ್ಕಿಂತ ಹತ್ತಿರದ ನೆಂಟ ಬೇರೆಲ್ಲಿಯೂ ಸಿಗಲಾರದು. ೧೯೬೧ರ ಮೇ ತಿಂಗಳ ಆಜ್ಞೆಯಂತೆ ಇಂಥವರನ್ನು ದೂರದ ಪ್ರದೇಶಗಳಿಗೆ ಕಳುಹಿಸಿ ದುಡಿಸಬಹುದಾಗಿತ್ತು. ೧೯೬೪ರಲ್ಲಿ ಲೆನಿನ್‌ಗ್ರಾಡಿನ ನ್ಯಾಯಾಲಯದ ಮುಂದೆ ಈ ಆರೋಪದ ಮೇಲೆ ನಿಂತವನು ಜೋಸೆಫ್ ಬ್ರಾಡ್‌ಸ್ಕಿ ಎಂಬ ೨೩ ವರ್ಷದ ಯುವಕ. ಹದಿನೈದರಲ್ಲಿ ಶಾಲೆ ಬಿಟ್ಟು ಕಾರ್ಖಾನೆಯಲ್ಲಿ, ಶವಾಗಾರದಲ್ಲಿ, ಭೂಗರ್ಭಶೋಧಕರ ತಂಡಗಳಲ್ಲಿ ದುಡಿದಿದ್ದನು. ಮಿಕ್ಕ ವೇಳೆಯಲ್ಲಿ ಕವಿತೆ ಬರೆದು ಅನುವಾದ ಮಾಡುತ್ತಿದ್ದನು. ನಿನ್ನನ್ನು ಕವಿಗಳ ಸಾಲಿಗೆ ಸೇರಿಸಿದವರು ಯಾರೆಂದು ನ್ಯಾಯಾಧೀಶೆ ಕೇಳಿದಳು. ಯಾರೂ ಇಲ್ಲ, ಮನುಷ್ಯರ ಸಾಲಿಗೆ ತನ್ನನ್ನು ಸೇರಿಸಿದವರಾದರೂ ಯಾರು ಎಂಬ ಭಾವದ ಉತ್ತರ ಬಂದಿತು. ವಿಚಾರಣೆಯ ಸಭೆಯಲ್ಲಿ ಕುಳಿತು ಫ್ರಿದಾ ವಿಗ್ದೊರೊವಾ ಎಂಬ ಪತ್ರಕರ್ತೆ ಬರೆದುಕೊಂಡ ಟಿಪ್ಪಣಿಗಳಿಂದ ಈ ಮಾತುಕತೆ ಲೋಕಕ್ಕೆ ತಿಳಿಯಿತು. ಶಿಕ್ಷೆ ಐದು ವರ್ಷ. ಉತ್ತರದ ಅರ್ಖಾಂಗೆಲ್ಸ್ಕ್ ಪ್ರಾಂತದ ನೊರೆನ್ಸ್ಕಾಯಾ ಎಂಬ ಹಳ್ಳಿಯಲ್ಲಿ ಅವನು ಹೊಲಗೆಲಸ ಮಾಡಿದನು. ಅಖ್ಮಾತೋವಾ, ಶೊಸ್ತಕೋವಿಚ್ ಮುಂತಾದವರ ಮನವಿಗಳ ಫಲವಾಗಿ ಒಂದೂವರೆ ವರ್ಷದಲ್ಲಿ ಬಿಡುಗಡೆಯಾಯಿತು. ೧೯೭೨ರಲ್ಲಿ ಅವನು ದೇಶವನ್ನೇ ತೊರೆಯಬೇಕಾಯಿತು. ೧೯೮೭ರಲ್ಲಿ ಅವನಿಗೆ ಸಾಹಿತ್ಯದ ನೊಬೆಲ್ ಬಹುಮಾನ ಬಂದಿತು. ಬಹುಮಾನ ಬಂದುದರಿಂದ ಅವನು ನಿರಪರಾಧಿಯಾದನೆಂದು ತಿಳಿಯುವುದೂ ಒಂದು ತಪ್ಪೇ. ಬಹುಮಾನ ಬಾರದೆ, ಕವಿತೆಯೂ ಸಾಧಾರಣವಾಗಿದ್ದು, ಅದೇ ಆರೋಪದಡಿ ಹೋದವರ ಹೆಸರುಗಳನ್ನು ಯಾರು ಬಲ್ಲರು?

ಕಾನೂನು ಸೋವಿಯತ್ ಒಕ್ಕೂಟದ ಜತೆಗೆ ಮುಗಿಯಲಿಲ್ಲ. ಬೆಲಾರೂಸ್ ದೇಶದಲ್ಲಿ ೨೦೧೫ರ ಏಪ್ರಿಲಿನಲ್ಲಿ ಹೊರಟ ಆಜ್ಞೆಯೊಂದರಂತೆ, ವರ್ಷದಲ್ಲಿ ೧೮೩ ದಿನಗಳಿಗಿಂತ ಕಡಿಮೆ ಕಾಲ ಕೆಲಸದಲ್ಲಿದ್ದವರು ಸುಮಾರು ೨೫೦ ಡಾಲರುಗಳಷ್ಟು ತೆರಿಗೆ ಕೊಡಬೇಕಾಯಿತು. ಜನ ಅದಕ್ಕೆ ತುನೆಯಾದೆತ್ಸ್ ತೆರಿಗೆ ಎಂದೇ ಹೆಸರಿಟ್ಟರು. ನಾಲ್ಕು ಲಕ್ಷಕ್ಕೂ ಮಿಕ್ಕ ಮನೆಗಳಿಗೆ ನೋಟೀಸುಗಳು ಹೋದವು. ಕೆಲಸ ಸಿಗದವನೇ ಕೆಲಸವಿಲ್ಲದ್ದಕ್ಕೆ ದಂಡ ತೆರಬೇಕಾದ ಪರಿಸ್ಥಿತಿ! ೨೦೧೭ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಮಿನ್ಸ್ಕ್ ಮೊದಲಾದ ನಗರಗಳಲ್ಲಿ ಸಾವಿರಾರು ಜನ, ಹಿಮ ಇನ್ನೂ ಕರಗದ ಬೀದಿಗಳಲ್ಲಿ, ತಾವು ದಂಡಪಿಂಡಗಳಲ್ಲವೆಂದು ಕೂಗುತ್ತ ನಡೆದರು. ಸರ್ಕಾರ ತೆರಿಗೆಯ ವಸೂಲಿಯನ್ನು ನಿಲ್ಲಿಸಿತು. ೨೦೧೮ರ ಜನವರಿಯಲ್ಲಿ ಹೊಸ ಆಜ್ಞೆ ಬಂದಿತು. ಅದರಲ್ಲಿ ತೆರಿಗೆಯ ಮಾತಿಲ್ಲ. ದುಡಿಮೆಯಿಲ್ಲದವರೆಂದು ಪಟ್ಟಿಯಾದವರು ಮನೆಯ ಬಿಸಿನೀರು ಮೊದಲಾದ ಕೆಲವು ಸೌಕರ್ಯಗಳಿಗೆ ರಿಯಾಯಿತಿಯಿಲ್ಲದ ಪೂರ್ಣ ಬೆಲೆ ತೆರಬೇಕು. ಪಟ್ಟಿಯಲ್ಲಿ ಯಾರ ಹೆಸರು ಸೇರಬೇಕು, ಯಾರದು ಬಿಡಬೇಕು ಎಂದು ವಿಚಾರಿಸಲು ಊರೂರಿಗೂ ಸಮಿತಿಗಳನ್ನು ನೇಮಿಸಲಾಯಿತು.